ನನ್ನ ಜಾಮೀನಿಗೆ ಒಂದು ಮಿತಿ ಇರಲಿ: ವಸತಿ ಸಚಿವರಿಗೆ ಮತ್ತು ಕಾನೂನು ಸಚಿವರಿಗೆ ರಾಯಚೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ವಸತಿ ಸಚಿವರಿಗೆ ಮತ್ತು ಮಾನ್ಯ ಕಾನೂನು ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ನಮಸ್ಕಾರ.

ನನ್ನ ಮಗನ ಕೆಲಸ ಹೋದ ಸುದ್ದಿ ನನಗೆ ಮಗನಿಂದ ಗೊತ್ತಾಗಲಿಲ್ಲ. ಬೆಂಗಳೂರಿನ ಅವನ ಮನೆ ಮಾಲೀಕರಿಂದ ಗೊತ್ತಾಯಿತು. 2025ರ ಮಾರ್ಚ್ ಕೊನೆಯ ವಾರ. ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ಊಟ ಮಾಡಿ ಕೂಲರ್ ಮುಂದೆ ಅಡ್ಡಾಗಿದ್ದೆ. ಫೋನ್ ಬಂತು. "ಮೇಡಂ, ನಿಮ್ಮ ಮಗ ನಾಲ್ಕು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ. ಕೆಲಸ ಬಿಟ್ಟು ಮನೇಲೇ ಇದಾರೆ. ಜಾಮೀನು ಹಾಕಿರೋರು ನೀವು. 71,200 ರೂಪಾಯಿ ಈ ವಾರ ಕಳಿಸಿಬಿಡಿ."

ಬಾಡಿಗೆ ವಸತಿ ಇಲಾಖೆಯ ಮಾತು, ಜಾಮೀನು ಕಾನೂನು ಇಲಾಖೆಯ ಮಾತು. ನನ್ನ ಕಷ್ಟ ಎರಡರ ನಡುವಿನ ಸಂದಿಯಲ್ಲಿ ಬಿದ್ದಿದೆ. ಅದಕ್ಕೇ ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಾನು 31 ವರ್ಷ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಪಿಂಚಣಿ ಬರುತ್ತದೆ. ಮನೆಯ ಮೇಲಿನ ಎರಡು ರೂಮುಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಅಂದರೆ ನಾನೂ ಒಬ್ಬ ಮನೆ ಮಾಲೀಕಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಮಾಲೀಕರನ್ನು ಬೈಯುವ ಪತ್ರ ಅಲ್ಲ.

ನಮ್ಮ ಕಡೆಯ ಕಥೆ ನಿಮಗೆ ಹೊಸದೇನಲ್ಲ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ವಿದ್ಯುತ್ ತಯಾರಿಸುವ ಸ್ಥಾವರ ಇದೆ. ಹಟ್ಟಿಯಲ್ಲಿ ಚಿನ್ನ ಸಿಗುತ್ತದೆ. ಒಂದು ಬದಿ ಕೃಷ್ಣೆ, ಇನ್ನೊಂದು ಬದಿ ತುಂಗಭದ್ರೆ. ಇಷ್ಟಿದ್ದೂ ಓದಿದ ಹುಡುಗರು ರಾತ್ರಿ ರೈಲು ಹತ್ತಿ ಬೆಂಗಳೂರಿಗೇ ಹೋಗಬೇಕು. ನಮ್ಮ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಸರ್ಕಾರಿ ನೌಕರಿಯಲ್ಲಿ ಒಂದಿಷ್ಟು ದಾರಿ ತೆರೆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಕಂಪನಿ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ. ನನ್ನ ಮಗನೂ ಹಾಗೇ ಹೋದವನು.

ಈಗ ಸಹಿಯ ವಿಷಯಕ್ಕೆ ಬರುತ್ತೇನೆ.

2023ರ ಜುಲೈ. ಮಗನಿಗೆ ಆಗ 29 ವರ್ಷ. ಮನೆ ಸಿಕ್ಕಿದೆ, ಬಾಡಿಗೆ 16,000, ಮೇಂಟೆನೆನ್ಸ್ 1,000 ಅಂದ. ಮಾಲೀಕರು ಮೊದಲು ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ದರಂತೆ. ಅಷ್ಟು ಆಗುವುದಿಲ್ಲ ಅಂದಾಗ ಐದು ತಿಂಗಳಿಗೆ ಇಳಿದರು. ಅದಕ್ಕೊಂದು ಷರತ್ತು: "ಅಪ್ಪ ಬಂದು ಜಾಮೀನು ಹಾಕಬೇಕು." ಅಪ್ಪ ಇಲ್ಲ ಸರ್, ಅಮ್ಮ ಟೀಚರ್ ಆಗಿದ್ದರು, ಪಿಂಚಣಿ ಇದೆ ಅಂದನಂತೆ ಮಗ. ಪಿಂಚಣಿ ಅನ್ನುವ ಮಾತು ಕೇಳಿದ್ದೇ ಮಾಲೀಕರ ದನಿ ಮೆತ್ತಗಾಯಿತು ಅಂತ ಆಮೇಲೆ ನಗುತ್ತಾ ಹೇಳಿದ. ನಾನೂ ನಕ್ಕೆ.

ಭಾನುವಾರ ಬೆಳಿಗ್ಗೆ ರೈಲು ಇಳಿದು ನೇರ ಅವರ ಮನೆಗೇ ಹೋದೆವು. ವರಾಂಡದಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ. ಮಾಲೀಕರ ಮನೆಯವರು ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಒಳ್ಳೆಯ ಕಾಫಿ. ಮಾಲೀಕರು ಒಂದು ಕವರಿನಿಂದ ಒಂಬತ್ತು ಹಾಳೆ ತೆಗೆದರು. ಮೊದಲನೆಯದು ಇ-ಸ್ಟಾಂಪ್ ಕಾಗದ, ಉಳಿದವು ಬಿಳಿ ಹಾಳೆ. ಎಲ್ಲವೂ ಇಂಗ್ಲಿಷ್. ನಾನು ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣ ಇಂಟು ಗುರುತು ಮಾಡಿಟ್ಟಿದ್ದರು. ಎಂಟು ಗುರುತು, ನಾನು ಎಣಿಸಿದ್ದೆ. ನನಗೆ ಇಂಗ್ಲಿಷ್ ಬರುತ್ತದೆ. ಆದರೆ ಅದು ವಕೀಲರ ಇಂಗ್ಲಿಷ್. ಒಂದು ವಾಕ್ಯ ಶುರುವಾದರೆ ಅರ್ಧ ಪುಟ ಆದರೂ ಮುಗಿಯುವುದಿಲ್ಲ. ಕನ್ನಡಕ ಸರಿ ಮಾಡಿಕೊಂಡು ಓದಲು ಶುರು ಮಾಡಿದೆ. ಅವರು ಗಡಿಯಾರ ನೋಡಿದರು. "ಸುಮ್ನೆ ಫಾರ್ಮಾಲಿಟಿ ಮೇಡಂ. ನಿಮ್ಮಂಥೋರ ಹತ್ರ ದುಡ್ಡು ಕೇಳೋ ಪ್ರಸಂಗ ಬರುತ್ತಾ?"

ಓದದೆ ಎಲ್ಲೂ ಸಹಿ ಹಾಕಬೇಡಿ ಅಂತ ಏಳನೇ ಕ್ಲಾಸಿನ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವತ್ತು ಎಂಟು ಕಡೆ ಸಹಿ ಹಾಕಿದೆ. ಮಗ ತಲೆ ತಗ್ಗಿಸಿ ಕೂತಿದ್ದ. ಸಂಬಳ ಎಣಿಸುವ ವಯಸ್ಸಿನ ಮಗ, ಮನೆ ಬಾಡಿಗೆಗೆ ಅವ್ವನನ್ನು ಕರೆದುಕೊಂಡು ಬರಬೇಕಾಯಿತಲ್ಲ ಅನ್ನುವ ನಾಚಿಕೆ ಅವನಿಗೆ. ಅದನ್ನು ಬೇಗ ಮುಗಿಸಿಬಿಡೋಣ ಅನ್ನುವ ಆತುರ ನನಗೆ. ಆಧಾರ್, ಪ್ಯಾನ್, ಮೂರು ತಿಂಗಳ ಪಾಸ್‌ಬುಕ್ ನಕಲು ಕೊಟ್ಟೆ. ಕೊನೆಗೆ ಸಹಿ ಹಾಕಿದ ಒಂದು ಖಾಲಿ ಚೆಕ್ ಕೂಡ ಕೇಳಿದರು. ಅದನ್ನೂ ಕೊಟ್ಟೆ. ಕರಾರಿನ ಒಂದು ನಕಲು ನನಗೂ ಕೊಡಿ ಅಂದದ್ದಕ್ಕೆ "ಮಗನ ಹತ್ರ ಇರುತ್ತಲ್ಲ" ಅಂದರು.

ಊರಿಗೆ ಬಂದು ಪಕ್ಕದ ಮನೆಯವರಿಗೆ "ಮಗನ ಜಾಮೀನಿಗೆ ಹೋಗಿದ್ದೆ" ಅಂದರೆ ಅವರು ಗಾಬರಿಯಾಗಿ "ಯಾವ ಕೇಸ್ರೀ ಅಕ್ಕಾ?" ಅಂದರು. ಪೇಪರಿನಲ್ಲಿ ಜಾಮೀನು ಸಿಗುವುದು ಆರೋಪಿಗಳಿಗೆ ತಾನೆ? ಆಗ ತಮಾಷೆ ಅನ್ನಿಸಿತ್ತು.

ಹಾಗಂತ ಜಾಮೀನು ನನಗೆ ಹೊಸದಲ್ಲ. ನೌಕರಿ ಮಾಡುವಾಗ ಸಂಬಳದ ಚೀಟಿ ಇದ್ದವರನ್ನು ಎಲ್ಲರೂ ಜಾಮೀನಿಗೆ ಕೇಳುವವರೇ. ನಮ್ಮ ಶಾಲೆಯ ಮೇಷ್ಟ್ರೊಬ್ಬರು ಸಹಕಾರ ಸಂಘದಲ್ಲಿ ಸಾಲ ತೆಗೆದಾಗ ನಾನು ಜಾಮೀನು ನಿಂತಿದ್ದೆ. ಅವರು ಒಂದು ಕಂತು ತಪ್ಪಿಸಿದರು. ಹದಿನೈದು ದಿನದೊಳಗೆ ನನ್ನ ಹೆಸರಿಗೆ ಒಂದು ಕಾರ್ಡು ಬಂತು. "ಜಾಮೀನುದಾರರಾದ ತಮಗೆ ತಿಳಿಸುವುದೇನೆಂದರೆ" ಅಂತ ಕನ್ನಡದಲ್ಲೇ ಶುರುವಾಗಿತ್ತು. ಎಷ್ಟು ಬಾಕಿ, ಯಾವ ತಾರೀಖಿನೊಳಗೆ ಕಟ್ಟಬೇಕು, ಕಟ್ಟದಿದ್ದರೆ ಏನಾಗುತ್ತದೆ, ಎಲ್ಲ ನಾಲ್ಕೇ ಸಾಲಿನಲ್ಲಿ. ಮಾರನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಆ ಕಾರ್ಡನ್ನು ಮೇಷ್ಟ್ರ ಕೈಗೆ ಕೊಟ್ಟೆ. ಏನೂ ಮಾತಾಡಲಿಲ್ಲ. ಆ ತಿಂಗಳೇ ಅವರು ಎರಡು ಕಂತು ಸೇರಿಸಿ ಕಟ್ಟಿದರು. ನನ್ನ ಸಂಬಳದಿಂದ ಒಂದು ರೂಪಾಯಿಯೂ ಹೋಗಲಿಲ್ಲ.

ಆ ಕಾರ್ಡಿಗೆ ಸಂಘಕ್ಕೆ ಎಷ್ಟು ಖರ್ಚಾಗಿತ್ತು? ಪೈಸೆಗಳ ಲೆಕ್ಕ. ಬೆಂಗಳೂರಿನ ಮಾಲೀಕರ ಹತ್ತಿರ ನನ್ನ ಫೋನ್ ನಂಬರ್ ಇತ್ತು. ಡಿಸೆಂಬರಿನ ಬಾಡಿಗೆ ಬರಲಿಲ್ಲ, ಸುಮ್ಮನಿದ್ದರು. ಜನವರಿ ಬರಲಿಲ್ಲ, ಸುಮ್ಮನಿದ್ದರು. ಸಂಕ್ರಾಂತಿಗೆ ಮಗ ಊರಿಗೆ ಬಂದಿದ್ದ. ಸಜ್ಜೆ ರೊಟ್ಟಿ, ಬದನೆಕಾಯಿ ತಿಂದ, ಆಫೀಸಿನ ಕಥೆ ಹೇಳಿದ, ಹೋದ. ಆಗ ಅವನಿಗೆ ಆಫೀಸೇ ಇರಲಿಲ್ಲ. ಡಿಸೆಂಬರಿನಲ್ಲೇ ಒಂದು ಫೋನ್ ಬಂದಿದ್ದರೆ ಒಂದೇ ತಿಂಗಳ ಬಾಕಿಯಲ್ಲಿ ಮುಗಿಯುತ್ತಿತ್ತು. ಮಗನ ಸುಳ್ಳೂ ಅಷ್ಟಕ್ಕೇ ಮುಗಿಯುತ್ತಿತ್ತು.

ಮಾಲೀಕರ ಫೋನ್ ಬಂದ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹತ್ತಿರ ಹೋದೆ. ಈಗ ಇಲ್ಲಿನ ಕೋರ್ಟಿನಲ್ಲಿ ವಕೀಲ. ಮಗನಿಂದ ಕರಾರಿನ ಫೋಟೋ ತರಿಸಿಕೊಂಡು, ಫೋನ್ ದೊಡ್ಡದು ಮಾಡಿ ಮಾಡಿ ಓದಿದ. ನಾನು ಪರೀಕ್ಷೆ ಕೊಠಡಿಯಲ್ಲಿ ಕೂತಂತೆ ಕೂತಿದ್ದೆ.

"ಟೀಚರ್, ನಮ್ಮ ಕರಾರು ಕಾಯ್ದೆ 1872ರದ್ದು," ಅಂತ ಶುರು ಮಾಡಿದ. ಅದರ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಮಗನನ್ನು ಕೇಳಿ, ಅವನ ಮೇಲೆ ಕೇಸು ಹಾಕಿ, ಆಮೇಲೆ ಅವ್ವನ ಹತ್ತಿರ ಬರಬೇಕು ಅನ್ನುವ ನಿಯಮ ಇಲ್ಲ. ನೇರವಾಗಿ ನನ್ನ ಬಾಗಿಲಿಗೇ ಬರಬಹುದು.

ನನಗೆ ಒಂದು ಆಸೆ ಇತ್ತು. ನಾನು ಸಹಿ ಹಾಕಿದ್ದು ಮೊದಲ 11 ತಿಂಗಳಿಗೆ. ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು ಅಂತ 1908ರ ಕಾಯ್ದೆ ಇರುವುದರಿಂದ ಎಲ್ಲರೂ 11 ತಿಂಗಳಿಗೇ ಬರೆಸುತ್ತಾರೆ, ಅಲ್ವಾ? 2024ರ ಜೂನಿನಲ್ಲಿ ಕರಾರು ನವೀಕರಣ ಆಯಿತು. ಬಾಡಿಗೆ 5% ಏರಿ 16,800 ಆಯಿತು. ಆಗ ನನ್ನನ್ನು ಯಾರೂ ಕೇಳಲಿಲ್ಲ, ನಾನು ಸಹಿಯನ್ನೂ ಹಾಕಲಿಲ್ಲ. ಹಾಗಾದರೆ ನನ್ನ ಜಾಮೀನು ಮುಗಿಯಿತಲ್ಲ? ವಕೀಲ ತಲೆ ಆಡಿಸಿದ. ಜಾಮೀನುದಾರರ ಒಪ್ಪಿಗೆ ಇಲ್ಲದೆ ಷರತ್ತು ಬದಲಿಸಿದರೆ, ಆಮೇಲಿನ ವ್ಯವಹಾರಕ್ಕೆ ಅವರು ಹೊಣೆಯಲ್ಲ ಅಂತ 133ನೇ ಕಲಮು ಇದೆ. ಆದರೆ ಏಳನೇ ಹಾಳೆಯಲ್ಲಿ ಒಂದು ಉದ್ದನೆಯ ವಾಕ್ಯ. ಮುಂದಿನ ಎಲ್ಲ ನವೀಕರಣಕ್ಕೂ, ಏರಿದ ಬಾಡಿಗೆಗೂ ನಾನು ಈಗಲೇ ಒಪ್ಪಿದ್ದೇನೆ, ಕಾಯ್ದೆ ಕೊಟ್ಟ ರಕ್ಷಣೆಗಳನ್ನು ಬಿಟ್ಟುಕೊಟ್ಟಿದ್ದೇನೆ ಅಂತ. "ನೀವೇ ಬಿಟ್ಟುಕೊಟ್ಟೀರಿ ಟೀಚರ್," ಅಂದ. ಪಾಪ, ಹೇಳುವಾಗ ನನ್ನ ಮುಖ ನೋಡಲಿಲ್ಲ.

"ನಾನು ಸತ್ತರ ಏನಪಾ?" ಅಂದೆ. ಕಾಯ್ದೆ ಪ್ರಕಾರ ಜಾಮೀನುದಾರರು ತೀರಿಕೊಂಡರೆ ಮುಂದಿನ ವ್ಯವಹಾರಕ್ಕೆ ಆ ಜಾಮೀನು ನಿಲ್ಲುತ್ತದೆ. ಕರಾರಿನಲ್ಲಿ ಬೇರೆ ಮಾತು ಇರಬಾರದು, ಅಷ್ಟೇ. ನಮ್ಮ ಕರಾರಿನಲ್ಲಿ ಬೇರೆ ಮಾತು ಇತ್ತು: ವಾರಸುದಾರರೂ ಬದ್ಧರು. ಮಗನ ಬಾಡಿಗೆಗೆ ನಾನು ಜಾಮೀನು. ನಾನು ಹೋದರೆ ಆ ಜಾಮೀನಿಗೆ ವಾರಸುದಾರ ನನ್ನ ಒಬ್ಬನೇ ಮಗ. ಇದನ್ನು ಬರೆದ ವಕೀಲರಿಗೆ ನಗು ಬರಲಿಲ್ಲವೇ? ನಾನು ಕೊಟ್ಟ ದುಡ್ಡನ್ನು ಮಗನಿಂದ ವಸೂಲಿ ಮಾಡುವ ಹಕ್ಕು ನನಗೆ ಇದೆಯಂತೆ, 145ನೇ ಕಲಮು. ಅಂದರೆ ಹೆತ್ತ ಮಗನ ಮೇಲೆ ದಾವೆ ಹಾಕಬಹುದು. ಇಬ್ಬರೂ ನಕ್ಕೆವು.

ಚೆಕ್ಕಿನ ಮಾತು ಬಂದಾಗ ಮಾತ್ರ ಅವನು ನಗಲಿಲ್ಲ. ಸಹಿ ಹಾಕಿ ಖಾಲಿ ಕೊಟ್ಟ ಚೆಕ್ಕನ್ನು ಬೇರೆಯವರು ತುಂಬಿದರೂ ಅದು ಚೆಕ್ಕೇ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಜಾಮೀನುದಾರರು ಕೊಟ್ಟ ಚೆಕ್ ಬೌನ್ಸ್ ಆದರೂ ಚೆಕ್ಕುಗಳ ಬೇರೆ ಕಾಯ್ದೆಯ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ) 138ನೇ ಕಲಮು ಅನ್ವಯಿಸುತ್ತದೆ ಅಂತ 2002ರಲ್ಲೇ ಹೇಳಿದೆ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಪಕ್ಕದ ಮನೆಯವರು "ಯಾವ ಕೇಸ್ರೀ" ಅಂದದ್ದು ನೆನಪಾಯಿತು.

ಕೊನೆಗೆ ಏನಾಯಿತು ಅಂದರೆ, ಮಗ ತಿಂಗಳ ಕೊನೆಗೆ ಮನೆ ಖಾಲಿ ಮಾಡಿದ. 80,000 ಅಡ್ವಾನ್ಸಿನಲ್ಲಿ ನಾಲ್ಕು ತಿಂಗಳ ಬಾಡಿಗೆ 67,200, ಮೇಂಟೆನೆನ್ಸ್ 4,000 ಮುರಿದುಕೊಂಡರು. ಉಳಿದದ್ದು 8,800. ಬಣ್ಣ ಹೊಡೆಸಲು ಒಂದು ತಿಂಗಳ ಬಾಡಿಗೆ 16,800 ಅಂದರು. ಅದು ಬೆಂಗಳೂರಿನ ರೂಢಿಯಂತೆ. 8,000 ನಾನು ಕೈಯಿಂದ ಕಳಿಸಿದೆ. ಎಂಟು ಸಾವಿರದಲ್ಲಿ ಮುಗಿಯಿತಲ್ಲ, ಅದಕ್ಕೆ ಇಷ್ಟು ದೊಡ್ಡ ಪತ್ರವೇ ಅಂತ ನೀವು ಕೇಳಬಹುದು.

ಸ್ವಾಮಿ, ಆ ಲೆಕ್ಕವನ್ನು ಇನ್ನೊಂದು ಸಲ ನೋಡಿ. ಫೋನ್ ಮಾಡಿದ ದಿನವೂ ಬಾಕಿ ಅಷ್ಟೂ ಅವರ ಕೈಯಲ್ಲಿದ್ದ ಅಡ್ವಾನ್ಸಿನೊಳಗೇ ಇತ್ತು. ಆದರೂ ಅಡ್ವಾನ್ಸ್ ಬೇರೆ, ಜಾಮೀನು ಬೇರೆ, ಚೆಕ್ ಬೇರೆ. ಒಂದೇ ಬಾಕಿಗೆ ಮೂರು ಬೀಗ. ಒಂದು ಬೀಗಕ್ಕೂ ಇಷ್ಟೇ ಅನ್ನುವ ಅಳತೆ ಇಲ್ಲ.

ಮಾಲೀಕರ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಮೇಲಿನ ರೂಮಿನಲ್ಲಿದ್ದ ಒಬ್ಬರು ಮೂರು ತಿಂಗಳು ಬಾಡಿಗೆ ಕೊಡದೆ, ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋಗಿಬಿಟ್ಟರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರಲ್ಲ, ಹಾಗೆ. ಬೆಂಗಳೂರಿನ ಆ ಮಾಲೀಕರಿಗೂ ಮನೆ ಕಟ್ಟಿದ ಸಾಲದ ಕಂತು ಇದೆ ಅಂತ ಮಗ ಹೇಳಿದ್ದ. ಕಾಂಟ್ರಾಕ್ಟ್ ಕೆಲಸದ ಒಂಟಿ ಹುಡುಗನಿಗೆ ಮನೆ ಕೊಡುವಾಗ ಭದ್ರತೆ ಕೇಳುವುದರಲ್ಲಿ ತಪ್ಪಿಲ್ಲ. ನನ್ನ ಕೇಳಿಕೆ ಜಾಮೀನು ಬೇಡ ಅಂತ ಅಲ್ಲವೇ ಅಲ್ಲ. ನಿಜ ಹೇಳಬೇಕೆಂದರೆ ನಮ್ಮ ಕಡೆಯ ಮಕ್ಕಳಿಗೆ ಜಾಮೀನೇ ಒಳ್ಳೆಯದು. ಒಂದೂವರೆ ಲಕ್ಷ ಅಡ್ವಾನ್ಸ್ ಹೊಂದಿಸಲು ನಮ್ಮಲ್ಲಿ ಎಷ್ಟು ಮನೆಯವರು ಬಂಗಾರ ಅಡ ಇಡುತ್ತಾರೆ ಗೊತ್ತಾ? ಅಡ್ವಾನ್ಸಿನ ಜಾಗದಲ್ಲಿ ಅವ್ವನ ಒಂದು ಸಹಿ ಸಾಕು ಅಂದರೆ ಅದಕ್ಕಿಂತ ಉಪಕಾರ ಇಲ್ಲ. ಆದರೆ ಅಡ್ವಾನ್ಸ್ ಇಷ್ಟಾದರೆ ಜಾಮೀನು ಇಷ್ಟು ಅಂತ ತೂಗಬೇಕು.

ತೂಗುವವರು ಈಗ ಯಾರೂ ಇಲ್ಲ. ನಮ್ಮ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳನ್ನು ಹೊರಗಿಟ್ಟಿದೆ. ಇವತ್ತು 3,500ಕ್ಕೆ ಬೆಂಗಳೂರಿನಲ್ಲಿ ಬೈಕ್ ನಿಲ್ಲಿಸುವ ಶೆಡ್ ಸಿಗಬಹುದೇನೋ. ಕೇಂದ್ರ ಸಂಪುಟ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ. ಅದು ಬರೀ ಮಾದರಿ. ರಾಜ್ಯ ಕಾನೂನು ಮಾಡಿಕೊಂಡರಷ್ಟೇ ಬೆಲೆ.

ನನ್ನ ಗೆಳತಿಯ ಮಗಳು ಇಂಗ್ಲೆಂಡಿನಲ್ಲಿ ಓದುತ್ತಾಳೆ. ಅಲ್ಲಿನ ಮಾಲೀಕರಿಗೆ ಅದೇ ದೇಶದಲ್ಲಿರುವ ಜಾಮೀನುದಾರರೇ ಬೇಕಿತ್ತಂತೆ. ರಾಯಚೂರಿನ ಅಪ್ಪನ ಸಹಿ ಅಲ್ಲಿ ನಡೆಯಲಿಲ್ಲ, ಆರು ತಿಂಗಳ ಬಾಡಿಗೆ ಮೊದಲೇ ಕಟ್ಟಬೇಕಾಯಿತು. ಅಲ್ಲೂ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಡೆಪಾಸಿಟ್‌ಗೆ ಒಂದು ಗೆರೆ ಎಳೆದಿದ್ದಾರೆ. 2019ರ ಕಾಯ್ದೆ ಪ್ರಕಾರ ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಆ ದುಡ್ಡನ್ನೂ ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯೊಂದರ ರಕ್ಷಣೆಗೆ ಒಳಪಡಿಸಬೇಕು.

ಇಂಗ್ಲೆಂಡ್ ಯಾಕೆ, ನಮ್ಮ 1872ರ ಕಾಯ್ದೆಯನ್ನೇ ನೋಡಿ. ವಕೀಲ ಹುಡುಗನ ಪುಸ್ತಕ ಇಸಿದುಕೊಂಡು ಬಂದು ಓದಿದೆ. ಮುಂದುವರಿಯುವ ಜಾಮೀನು ಅಂದರೇನು ಅಂತ 129ನೇ ಕಲಮಿನಲ್ಲಿ ಉದಾಹರಣೆ ಕೊಟ್ಟಿದ್ದಾರೆ. ಜಮೀನ್ದಾರರೊಬ್ಬರ ಬಾಡಿಗೆ ವಸೂಲಿಗೆ ಒಬ್ಬನನ್ನು ಇಟ್ಟುಕೊಳ್ಳುತ್ತಾರೆ, ಅವನ ಪರವಾಗಿ ಇನ್ನೊಬ್ಬರು ಹೊಣೆ ನಿಲ್ಲುತ್ತಾರೆ. ಎಷ್ಟಕ್ಕೆ? 5,000 ರೂಪಾಯಿಯವರೆಗೆ. 150 ವರ್ಷದ ಹಿಂದೆ ಉದಾಹರಣೆ ಬರೆದವರಿಗೂ ಒಂದು ಮಿತಿ ಹಾಕಬೇಕು ಅಂತ ಹೊಳೆದಿತ್ತು. ನನ್ನ ಒಂಬತ್ತು ಹಾಳೆಯಲ್ಲಿ ಎಲ್ಲೂ ಅಂಥ ಒಂದು ಅಂಕಿ ಇರಲಿಲ್ಲ.

ಹಾಗಾಗಿ ನಿಮ್ಮಿಂದ ಕೇಳುವುದು ಒಂದು ಹಾಳೆ. ಹೌದು, ಒಂದೇ ಹಾಳೆ. ಮನೆ ಬಾಡಿಗೆಯ ಜಾಮೀನಿಗೆ ಸರ್ಕಾರದ್ದೇ ಒಂದು ನಮೂನೆ, ಕನ್ನಡದಲ್ಲಿ. ಅದರಲ್ಲಿ ಎಷ್ಟು ರೂಪಾಯಿಗೆ, ಯಾವ ತಾರೀಖಿನವರೆಗೆ ಅನ್ನುವ ಎರಡು ಖಾಲಿ ಜಾಗ ಇರಲಿ. ಅವು ತುಂಬದೆ ಸಹಿ ನಡೆಯಬಾರದು. ಅಡ್ವಾನ್ಸ್ ಮತ್ತು ಜಾಮೀನು ಎರಡೂ ಸೇರಿ ಇಷ್ಟು ತಿಂಗಳ ಬಾಡಿಗೆ ಮೀರಬಾರದು ಅಂತ ಕಾನೂನಿನಲ್ಲೇ ಬರಲಿ. ಮೂರೋ ನಾಲ್ಕೋ, ನೀವು ಕೂತು ನಿರ್ಧರಿಸಿ. ನವೀಕರಣ ಆದರೆ ಹೊಸ ಸಹಿ ಬೇಕು. ಖಾಲಿ ಚೆಕ್ ಕೇಳುವುದನ್ನು ಪೂರ್ತಿ ನಿಲ್ಲಿಸಿ. ಒಂದು ನಕಲು ಜಾಮೀನುದಾರರ ಕೈಗೆ ಅಲ್ಲೇ ಸಿಗಬೇಕು.

ಇಷ್ಟೆಲ್ಲ ಆಗುವುದಿಲ್ಲ, ಒಂದನ್ನೇ ಆರಿಸಿಕೋ ಅಂದರೆ, ನಾನು ಆ ಕಾರ್ಡನ್ನೇ ಆರಿಸುತ್ತೇನೆ. ಬಾಡಿಗೆ ತಪ್ಪಿ 15 ದಿನದೊಳಗೆ ಜಾಮೀನುದಾರರಿಗೆ ತಿಳಿಸಲೇಬೇಕು. ತಿಳಿಸದೆ ಸುಮ್ಮನಿದ್ದ ತಿಂಗಳುಗಳ ಬಾಕಿಯನ್ನು ಅವರಿಂದ ಕೇಳುವಂತಿಲ್ಲ. ಈಗ ಕಾರ್ಡೂ ಬೇಡ, ವಾಟ್ಸಾಪಿನಲ್ಲಿ ಎರಡು ಸಾಲು ಸಾಕು. ಇದರಿಂದ ಮಾಲೀಕರಿಗೂ ಲಾಭವೇ. ಒಂದು ತಿಂಗಳ ಬಾಕಿ ತೀರಿಸುವ ತಾಯಂದಿರು ಸಿಗುತ್ತಾರೆ, ನಾಲ್ಕು ತಿಂಗಳದ್ದು ಕಷ್ಟ.

ನನ್ನ ಆ ಚೆಕ್ ಇನ್ನೂ ವಾಪಸ್ ಬಂದಿಲ್ಲ. ಕೇಳಿದರೆ "ಹರಿದು ಹಾಕಿದೀನಿ ಮೇಡಂ" ಅಂತಾರೆ. ಹರಿದಿರಬಹುದು. ಆದರೂ ಪಿಂಚಣಿ ಬಂದ ದಿನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರುತ್ತೇನೆ.

ಮಗ ನಾಲ್ಕು ತಿಂಗಳು ಪಿಜಿಯಲ್ಲಿದ್ದ. ಈಗ ಬೇರೆ ಕೆಲಸ ಸಿಕ್ಕಿದೆ, ಸಂಬಳ ಮೊದಲಿಗಿಂತ ಕಡಿಮೆ. ಮೊನ್ನೆ ಒಂದು ಮನೆ ನೋಡಿದ್ದಾನೆ. ಬಾಡಿಗೆ 12,000, ಅಡ್ವಾನ್ಸ್ ಮೂರು ತಿಂಗಳು, ಮತ್ತೆ ಅವ್ವನ ಜಾಮೀನು. ಈ ಸಲ ಕರಾರನ್ನು ಮೊದಲೇ ತರಿಸಿಕೊಂಡೆ. ಎರಡು ರಾತ್ರಿ ಕೂತು ಓದಿದೆ. ನನ್ನ ಹೆಸರಿನ ಕೆಳಗೆ ನೀಲಿ ಪೆನ್ನಿನಲ್ಲಿ, ಬೋರ್ಡಿನ ಮೇಲೆ ಬರೆಯುವಷ್ಟು ದುಂಡಗೆ, ಕನ್ನಡದಲ್ಲಿ ಒಂದು ಸಾಲು ಸೇರಿಸಿದೆ: "ಈ ಜಾಮೀನು 11 ತಿಂಗಳಿಗೆ ಮಾತ್ರ, 24,000 ರೂಪಾಯಿಯವರೆಗೆ ಮಾತ್ರ. ಬಾಡಿಗೆ ತಪ್ಪಿದ 15 ದಿನದೊಳಗೆ ನನಗೆ ತಿಳಿಸತಕ್ಕದ್ದು." ಫೋಟೋ ತೆಗೆದು ಹೊಸ ಮಾಲೀಕರಿಗೆ ವಾಟ್ಸಾಪ್ ಮಾಡಿದೆ.

ನೀಲಿ ಗುರುತು ಬಿದ್ದು ನಾಲ್ಕು ದಿನ ಆಯಿತು. ಅವರಿಂದ ಉತ್ತರ ಇಲ್ಲ. ನಿನ್ನೆ ರಾತ್ರಿ ಮಗ ಫೋನ್ ಮಾಡಿದ್ದ. "ಅವ್ವಾ, ಆ ಸಾಲು ಹೊಡೆದು ಹಾಕಿದ್ರ ಇವತ್ತೇ ಕೀಲಿ ಕೊಡ್ತೀನಿ ಅಂತಾರ." ಎರಡು ದಿನ ತಡಿ ಅಂದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ,
ರಾಯಚೂರು